ಟೂಲ್ ಟ್ರಾಲಿ

ಟೂಲ್ ಟ್ರಾಲಿ: ಕೈ ಉಪಕರಣಗಳನ್ನು ವಿಂಗಡಿಸಿಟ್ಟು, ಕೆಲಸ ನಡೆಯುವ ಜಾಗಕ್ಕೇ ತಳ್ಳಿಕೊಂಡು ಹೋಗಲು ಬರುವಂತೆ ತಳದಲ್ಲಿ ಗಾಲಿ ಕೂರಿಸಿದ ಕಪಾಟು ಅಥವಾ ತಟ್ಟೆಗಳ ಚೌಕಟ್ಟು. ವಾಹನ ರಿಪೇರಿಯ ಗ್ಯಾರೇಜು, ಯಂತ್ರಶಾಲೆ, ಮರಗೆಲಸದ ಶೆಡ್ಡು, ವಿಮಾನಗಳ ಹ್ಯಾಂಗರು, ಹವ್ಯಾಸಿಗಳ ಮನೆ ಗ್ಯಾರೇಜು, ಎಲ್ಲ ಕಡೆಯೂ ಇದರ ಬಳಕೆಯಿದೆ. ಹೆಚ್ಚಿನವು ಉಕ್ಕಿನ ತಗಡಿನವು. ಮರದವೂ ಪ್ಲಾಸ್ಟಿಕ್ಕಿನವೂ ಉಂಟು. ಎತ್ತರ ಸಾಮಾನ್ಯವಾಗಿ 85ರಿಂದ 100 ಸೆಂ.ಮೀ., ಅಂದರೆ ನಿಂತು ಕೆಲಸ ಮಾಡುವವನ ಸೊಂಟದ ಆಸುಪಾಸು.

ಗ್ಯಾರೇಜಿನಲ್ಲಿ ಕೆಲಸಗಾರನ ಹೊತ್ತು ಎರಡು ದಾರಿಯಲ್ಲಿ ಸೋರಿಹೋಗುತ್ತದೆ. ಗೋಡೆಯ ಬಳಿಯ ಬೆಂಚಿಗೂ ಗಾಡಿಗೂ ನಡುವಿನ ಓಡಾಟ ಒಂದು. ಬೇಕಾದ ಪಾನಾ ಎಲ್ಲಿ ಹೋಯಿತೆಂದು ಹುಡುಕುವುದು ಇನ್ನೊಂದು. ಗಾಲಿ ಓಡಾಟವನ್ನು ತಪ್ಪಿಸುತ್ತದೆ, ಡ್ರಾಯರು ಹುಡುಕಾಟವನ್ನು ತಪ್ಪಿಸುತ್ತದೆ. ತೊಡಕಿರುವುದು ಇವೆರಡಕ್ಕೂ ಒಂದಕ್ಕೊಂದು ಆಗಿಬರುವುದಿಲ್ಲ ಎಂಬಲ್ಲಿ. ಡ್ರಾಯರು ಹೆಚ್ಚಿದಂತೆ ಭಾರ ಏರುತ್ತದೆ, ಭಾರ ಏರಿದಂತೆ ಟ್ರಾಲಿಯನ್ನು ಅಲುಗಿಸುವ ಮನಸ್ಸೇ ಆಗುವುದಿಲ್ಲ. ಕೊನೆಗೆ ಅದು ಗಾಲಿಯಿರುವ ಬೀರುವಾಗಿ ಒಂದು ಮೂಲೆ ಹಿಡಿಯುತ್ತದೆ. ಟ್ರಾಲಿಯ ನೂರು ವರ್ಷಗಳ ಚರಿತ್ರೆಯನ್ನೂ ಇಂದು ಅಂಗಡಿಯಲ್ಲಿ ಕಾಣುವ ಹತ್ತಾರು ಮಾದರಿಗಳನ್ನೂ ಈ ಎಳೆದಾಟದಿಂದಲೇ ವಿವರಿಸಬಹುದು.

ಹುಟ್ಟು, ಬೆಳವಣಿಗೆ

ಹಳೆಯ ಕಾಲದ ಫಿಟ್ಟರ್, ಟರ್ನರ್‌ಗಳ ಪೆಟ್ಟಿಗೆಗೆ ಗಾಲಿ ಬೇಕಿರಲಿಲ್ಲ. ಯಂತ್ರ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದು, ಅದರ ಮುಂದೆ ನಿಲ್ಲುವವನೂ ಅಲ್ಲೇ ನಿಲ್ಲುವವನು. ಪಕ್ಕದಲ್ಲೊಂದು ಪೆಟ್ಟಿಗೆಯಿದ್ದರೆ ಸಾಕಿತ್ತು. ಅಮೆರಿಕದ ಒಹಾಯೋ ರಾಜ್ಯದ ಡೇಟನ್ನಿನಲ್ಲಿ 1906ರಲ್ಲಿ ಆರಂಭವಾದ ಗರ್ಸ್ಟ್‌ನರ್ ಕಂಪನಿ ಓಕ್ ಮರದಲ್ಲಿ ಮಾಡಿ, ಒಳಗೆ ಫೆಲ್ಟ್ ಬಟ್ಟೆ ಅಂಟಿಸಿದ ಸಣ್ಣ ಡ್ರಾಯರುಗಳ ಪೆಟ್ಟಿಗೆಗಳಿಗೆ ಹೆಸರಾಯಿತು. ಅದೇ ರಾಜ್ಯದ ವ್ಯಾನ್ ವರ್ಟ್ ಊರಿನ ಕೆನೆಡಿ ಕಂಪನಿ 1911ರಲ್ಲಿ ಶುರುವಾಗಿ ಉಕ್ಕಿನ ಪೆಟ್ಟಿಗೆಗಳಿಗೆ ಹೆಸರು ಮಾಡಿತು. ಇಂಥ ಪೆಟ್ಟಿಗೆಗಳ ನೆತ್ತಿಯ ಮೇಲೆ ಹಿಡಿ ಇರುತ್ತಿತ್ತು. ಕೆಲಸ ಬಿಟ್ಟು ಬೇರೆ ಕಾರ್ಖಾನೆ ಸೇರುವವನು ಪೆಟ್ಟಿಗೆ ಎತ್ತಿಕೊಂಡು ಹೊರಟುಬಿಡುತ್ತಿದ್ದ.

ಈ ಲೆಕ್ಕವನ್ನು ಬದಲಿಸಿದ್ದು ಮೋಟಾರು ಕಾರು. 1913ರಲ್ಲಿ ಹೆನ್ರಿ ಫೋರ್ಡ್ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಹಾಕಿದಾಗ ಕೆಲಸಗಾರ ನಿಂತಲ್ಲೇ ನಿಂತ, ಕಾರು ಅವನ ಬಳಿಗೆ ಬಂತು. ಅದೇ ಕಾರು ಕೆಟ್ಟು ರಿಪೇರಿಗೆ ಬಂದಾಗ ಎಲ್ಲವೂ ತಿರುಗುಮುರುಗು. ಕಾರು ನಿಂತಿರುತ್ತದೆ, ಮನುಷ್ಯ ಬಾನೆಟ್ಟಿನಿಂದ ಹಿಂದಿನ ಆಕ್ಸಲ್ಲಿಗೆ, ಅಲ್ಲಿಂದ ಬಾಗಿಲಿಗೆ, ಮತ್ತೆ ಬಾನೆಟ್ಟಿಗೆ ಸುತ್ತು ಹೊಡೆಯುತ್ತಾನೆ. ಒಂದೇ ಕಾರಿನ ಸುತ್ತ ಹತ್ತು ಜಾಗದಲ್ಲಿ ಕೆಲಸವಿದ್ದರೆ ಗೋಡೆಗಂಟಿದ ಬೆಂಚು ಅವುಗಳಲ್ಲಿ ಒಂಬತ್ತಕ್ಕೆ ದೂರವೇ. ಟ್ರಾಲಿ ಹುಟ್ಟಿದ್ದು ಕಾರ್ಖಾನೆಯಿಂದಲ್ಲ, ಗ್ಯಾರೇಜಿನಿಂದ ಎನ್ನಲು ಇದೇ ಆಧಾರ.

ಇದೇ ಕಾಲಕ್ಕೆ ಉಪಕರಣಗಳ ಸಂಖ್ಯೆಯೂ ಬೆಳೆಯಿತು. 1920ರಲ್ಲಿ ಜೋಸೆಫ್ ಜಾನ್ಸನ್ ಮತ್ತು ವಿಲಿಯಂ ಸೈಡ್‌ಮನ್ ಮಿಲ್ವಾಕಿಯಲ್ಲಿ ಕಟ್ಟಿದ ಸ್ನ್ಯಾಪ್-ಆನ್ ಕಂಪನಿಯ ಮೊದಲ ಸರಕು ಐದು ಹಿಡಿ, ಹತ್ತು ಸಾಕೆಟ್. ಯಾವ ಹಿಡಿಗೆ ಯಾವ ಸಾಕೆಟ್ ಬೇಕಾದರೂ ಕೂರುತ್ತದಾದ್ದರಿಂದ ಹದಿನೈದು ತುಂಡುಗಳಿಂದ ಐವತ್ತು ಬಗೆಯ ಪಾನಾ ಸಿಕ್ಕಂತಾಯಿತು. ಪೆಟ್ಟಿಗೆ ಹಗುರಾಗಬೇಕಿತ್ತು, ಆದದ್ದು ಬೇರೆ. ಸಾಕೆಟ್ ಅಗ್ಗವಾದ ಮೇಲೆ ಅದರ ಮರಿಗಳೂ ಬಂದವು: ಉದ್ದದವು, ಗಿಡ್ಡದವು, ಆರು ಮೂಲೆಯವು, ಹನ್ನೆರಡು ಮೂಲೆಯವು, ಕಾಲಿಂಚು ಡ್ರೈವ್, ಅರ್ಧ ಇಂಚು ಡ್ರೈವ್. ಬೆರಳುಗಾತ್ರದ ಈ ತುಂಡುಗಳನ್ನು ಆಳವಾದ ಪೆಟ್ಟಿಗೆಗೆ ಸುರಿದರೆ ಮತ್ತೆ ಸಿಕ್ಕುವುದು ಕಷ್ಟ. ಹೆಚ್ಚು ಆಳವಿಲ್ಲದ, ಅಗಲವಾದ ಡ್ರಾಯರುಗಳ ಸಾಲು ಬೇಕಾದದ್ದು ಇದರಿಂದ. ಅಂಥ ಸಾಲು ತುಂಬಿದ ಮೇಲೆ ಎತ್ತುವ ಮಾತೆಲ್ಲಿ? ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್, ಎಲ್ಲ ಅನುಕೂಲವೂ ಇರುವಾಗ ಒಬ್ಬರು ಎತ್ತಬಹುದಾದ ಭಾರಕ್ಕೆ ಹಾಕಿರುವ ಮೇಲ್ಮಿತಿ 23 ಕೆ.ಜಿ. ಮಧ್ಯಮ ದರ್ಜೆಯ ಮೆಕ್ಯಾನಿಕ್ಕಿನ ಸಾಮಾನು ಆ ಗೆರೆಯನ್ನು ಎಂದೋ ದಾಟಿರುತ್ತದೆ.

ಅಮೆರಿಕದಲ್ಲಿ ಟ್ರಾಲಿ ದೈತ್ಯಾಕಾರಕ್ಕೆ ಬೆಳೆದದ್ದಕ್ಕೆ ಇನ್ನೂ ಒಂದು ಕಾರಣವಿದೆ. ಅಲ್ಲಿನ ಮೆಕ್ಯಾನಿಕ್ ತನ್ನ ಉಪಕರಣಗಳನ್ನು ತಾನೇ ಕೊಳ್ಳಬೇಕು. ಗ್ಯಾರೇಜಿನ ಮಾಲೀಕ ಕೊಡುವುದು ಲಿಫ್ಟು, ಪ್ರೆಸ್ಸಿನಂಥ ದೊಡ್ಡ ಯಂತ್ರಗಳನ್ನಷ್ಟೇ. ಸ್ನ್ಯಾಪ್-ಆನ್, ಮ್ಯಾಕ್, ಮ್ಯಾಟ್ಕೊ ಕಂಪನಿಗಳ ಡೀಲರುಗಳು ವ್ಯಾನಿನಲ್ಲಿ ಸರಕು ತುಂಬಿಕೊಂಡು ವಾರಕ್ಕೊಮ್ಮೆ ಗ್ಯಾರೇಜಿನ ಬಾಗಿಲಿಗೇ ಬರುತ್ತಾರೆ, ಕಂತಿನ ಮೇಲೆ ಮಾರುತ್ತಾರೆ. ಹೀಗಾಗಿ ಟ್ರಾಲಿ ಅಲ್ಲಿ ಸಾಮಾನು ಇಡುವ ಜಾಗವಷ್ಟೇ ಆಗಿ ಉಳಿದಿಲ್ಲ. ಅದು ಒಬ್ಬನ ಆಸ್ತಿ, ಬೀಗ ಹಾಕಿಡುವಂಥದು, ಜೊತೆಯವರ ಮುಂದೆ ತೋರಿಸಿಕೊಳ್ಳುವಂಥದು. 72 ಇಂಚು ಅಗಲದ, ಹತ್ತು ಸಾವಿರ ಡಾಲರ್ ದಾಟಿದ ಪೆಟ್ಟಿಗೆಯ ಸಾಲ ತೀರಿಸುತ್ತಿರುವ ಹುಡುಗರು ಅಲ್ಲಿ ಅಪರೂಪವಲ್ಲ. ಇಷ್ಟು ದೊಡ್ಡದನ್ನು ಕಾರಿನ ಬಳಿಗೆ ತಳ್ಳಲಾಗುವುದಿಲ್ಲವಾದ್ದರಿಂದ ಅದೇ ಮನುಷ್ಯ ಇನ್ನೊಂದು ಸಣ್ಣ ಟ್ರಾಲಿ ಕೊಂಡು, ದಿನದ ಕೆಲಸಕ್ಕೆ ಬೇಕಾದ್ದನ್ನು ದೊಡ್ಡದರಿಂದ ಸಣ್ಣದಕ್ಕೆ ತುಂಬಿಕೊಂಡು ಹೋಗುತ್ತಾನೆ. ದೊಡ್ಡದರ ಗಾಲಿ ಅಂಗಡಿಯಿಂದ ಗ್ಯಾರೇಜಿಗೆ ಬಂದ ದಿನ ಉರುಳಿದ್ದು, ಮತ್ತೆ ಅವನು ಕೆಲಸ ಬಿಡುವ ದಿನವೇ ಉರುಳುವುದು.

ಯುರೋಪಿನ ದಾರಿ ಬೇರೆ. ಜರ್ಮನಿಯಂಥ ಕಡೆ ಉಪಕರಣಗಳನ್ನು ಒದಗಿಸುವುದು ಮಾಲೀಕನ ಹೊಣೆ. ಹತ್ತು ಜನರಿಗೆ ಹತ್ತು ಒಂದೇ ಬಗೆಯ ಟ್ರಾಲಿ, ಪ್ರತಿಯೊಂದರಲ್ಲೂ ಒಂದೇ ಕ್ರಮದ ಸಾಮಾನು: ಮಾಲೀಕನಿಗೆ ಬೇಕಾದದ್ದು ಇಷ್ಟೇ. ರೆಮ್ಶೈಡ್ ಪಟ್ಟಣದಲ್ಲಿ 1868ರಲ್ಲಿ ಹರ್ಮನ್ ಜರ್ವರ್ ಆರಂಭಿಸಿದ ಹ್ಯಾಜೆಟ್ ಕಂಪನಿಯ ನೀಲಿ ಬಣ್ಣದ ‘ಅಸಿಸ್ಟೆಂಟ್’ ಟ್ರಾಲಿಗಳು, ಇಟಲಿಯ ಬೀಟಾ ಕಂಪನಿಯ ಕಿತ್ತಳೆ ಬಣ್ಣದವು, ಫ್ರಾನ್ಸಿನ ಫಾಕಾಂ ಕಂಪನಿಯ ಕೆಂಪು ಬಣ್ಣದವು ಒಬ್ಬರೇ ತಳ್ಳುವ ಗಾತ್ರದಲ್ಲಿರುವುದು ಆಕಸ್ಮಿಕವೇನಲ್ಲ. ಉಪಕರಣ ಯಾರದು ಎಂಬ ಪ್ರಶ್ನೆಗೆ ಆಯಾ ದೇಶ ಕೊಟ್ಟ ಉತ್ತರ ಟ್ರಾಲಿಯ ಅಗಲದಲ್ಲೇ ಕಾಣುತ್ತದೆ.

ಮನೆ ಬಳಕೆಯ ಅಗ್ಗದ ಟ್ರಾಲಿಗಳನ್ನು ಅಮೆರಿಕದಲ್ಲಿ ಬಹುಕಾಲ ಸಿಯರ್ಸ್ ಮಳಿಗೆಗಳು ತಮ್ಮ ಕ್ರಾಫ್ಟ್ಸ್‌ಮನ್ ಹೆಸರಿನಲ್ಲಿ ಮಾರಿದವು. 1927ರಲ್ಲಿ ಹುಟ್ಟಿದ ಆ ಹೆಸರನ್ನು 2017ರಲ್ಲಿ ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕರ್ ಕೊಂಡಿತು. ಆ ಹೊತ್ತಿಗೆ ಚೀನಾ ಮತ್ತು ವಿಯೆಟ್ನಾಮಿನಲ್ಲಿ ತಯಾರಾದ ಟ್ರಾಲಿಗಳು ಪೇಟೆ ತುಂಬಿದ್ದವು. ಅವು ತೀರ ಕಡಿಮೆ ಬೆಲೆಗೆ ಬಂದು ಬೀಳುತ್ತಿವೆಯೆಂದು ಅಮೆರಿಕದ ತಯಾರಕ ವಾಟರ್‌ಲೂ ಇಂಡಸ್ಟ್ರೀಸ್ 2017ರಲ್ಲಿ ದೂರು ಕೊಟ್ಟು, 2018ರಲ್ಲಿ ಅಮೆರಿಕ ಸರ್ಕಾರ ಆ ಎರಡು ದೇಶಗಳ ಟೂಲ್ ಪೆಟ್ಟಿಗೆಗಳ ಮೇಲೆ ಸುರಿವಿಕೆ ತಡೆ ಸುಂಕ ಹಾಕಿತು.

ಬಗೆಗಳು

ಎಲ್ಲಕ್ಕಿಂತ ಸರಳವಾದದ್ದು ತಟ್ಟೆಯ ಟ್ರಾಲಿ: ನಾಲ್ಕು ಕಂಬ, ಎರಡೋ ಮೂರೋ ತಟ್ಟೆ, ತಟ್ಟೆಗೆ ಬೆರಳೆತ್ತರದ ಅಂಚು. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಲು ಇದಕ್ಕಿಂತ ಒಳ್ಳೆಯದಿಲ್ಲ. ಡ್ರಾಯರುಗಳ ಟ್ರಾಲಿ ಇನ್ನೊಂದು. ಐದರಿಂದ ಏಳು ಡ್ರಾಯರು, ಮೇಲೆ ರಬ್ಬರ್ ಹಾಸು, ಪಕ್ಕದಲ್ಲಿ ಸ್ಕ್ರೂಡ್ರೈವರ್ ಸಿಕ್ಕಿಸುವ ತೂತುಗಳು, ಸ್ಪ್ರೇ ಡಬ್ಬಿ ಇಡುವ ಬುಟ್ಟಿ. ಇವೆರಡರ ಬೆರಕೆಯೂ ಇದೆ: ಮೇಲೆ ಎರಡು ಡ್ರಾಯರು, ಕೆಳಗೆ ತೆರೆದ ತಟ್ಟೆ. ಸಣ್ಣ ಗ್ಯಾರೇಜಿಗೆ ಒಂದೇ ಒಂದನ್ನು ಕೊಳ್ಳುವುದಾದರೆ ಈ ಬೆರಕೆಯೇ ವಾಸಿ. ತುಂಬಿದ ಮೇಲೂ ಒಂದು ಕೈಯಲ್ಲಿ ತಳ್ಳಬಹುದು, ಜಾಕ್ ಸ್ಟ್ಯಾಂಡು, ಡ್ರಿಲ್ಲಿಂಗ್ ಮೆಷಿನ್ನಿನಂಥ ಒರಟು ಸಾಮಾನಿಗೂ ಜಾಗ ಸಿಗುತ್ತದೆ.

ಮರಗೆಲಸದವರ ಟ್ರಾಲಿ ಸಾಮಾನ್ಯವಾಗಿ ಅವರೇ ಪ್ಲೈವುಡ್ಡಿನಲ್ಲಿ ಕಟ್ಟಿಕೊಂಡದ್ದು. ಉಳಿ, ತೋಪಡ, ಗರಗಸಗಳ ಅಲಗು ಒಂದಕ್ಕೊಂದು ತಾಗಬಾರದಾದ್ದರಿಂದ ಡ್ರಾಯರಿಗಿಂತ ನೇತುಹಾಕುವ ಫಲಕ ಅವರಿಗೆ ಅನುಕೂಲ. ಊರೂರು ತಿರುಗುವ ಎಲೆಕ್ಟ್ರಿಷಿಯನ್, ಎ.ಸಿ. ರಿಪೇರಿಯವರು ಒಂದರ ಮೇಲೊಂದು ಕೊಂಡಿ ಹಾಕುವ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಬಳಸುತ್ತಾರೆ. ಕೆಳಗಿನ ಪೆಟ್ಟಿಗೆಗೆ ಮಾತ್ರ ಗಾಲಿ. 2017ರಲ್ಲಿ ಮಿಲ್ವಾಕಿ ಕಂಪನಿ ಹೊರತಂದ ಪ್ಯಾಕೌಟ್ ಈ ಬಗೆಯಲ್ಲಿ ಹೆಸರುವಾಸಿ. ಅಡುಗೆಮನೆಗೆಂದು ಮಾಡಿದ ಮೂರು ಬುಟ್ಟಿಯ ಐಕಿಯಾ ಟ್ರಾಲಿಯನ್ನೂ ಸೋಲ್ಡರಿಂಗ್, ಮಾಡೆಲ್ ತಯಾರಿಕೆಯಂಥ ಹಗುರ ಹವ್ಯಾಸಗಳಿಗೆ ಹಲವರು ಒಗ್ಗಿಸಿಕೊಂಡಿದ್ದಾರೆ. ಸುತ್ತಿಗೆ, ವೈಸ್ ಇಟ್ಟರೆ ಅದು ಬಾಳುವುದಿಲ್ಲ.

ಗಾಲಿ

ಕೊಳ್ಳುವವರು ಡ್ರಾಯರು ಎಣಿಸುತ್ತಾರೆ, ಬಣ್ಣ ನೋಡುತ್ತಾರೆ; ಬಗ್ಗಿ ಗಾಲಿ ನೋಡುವವರು ಕಡಿಮೆ. ಟ್ರಾಲಿ ಕೆಲಸಕ್ಕೆ ಬರುತ್ತದೋ ಮೂಲೆ ಸೇರುತ್ತದೋ ಎಂಬುದು ನಿರ್ಧಾರವಾಗುವುದು ಮುಖ್ಯವಾಗಿ ಅಲ್ಲೇ.

ಮೊದಲ ವಿಷಯ ವ್ಯಾಸ. ನೆಲದಲ್ಲಿ 1 ಸೆಂ.ಮೀ. ಎತ್ತರದ ಒಂದು ಅಂಚಿದೆ ಎನ್ನೋಣ: ಶಟರಿನ ಹೊಸ್ತಿಲು, ಚರಂಡಿಯ ಜಾಲರಿ, ಒಡೆದ ಸಿಮೆಂಟಿನ ತುಟಿ. 5 ಸೆಂ.ಮೀ. ವ್ಯಾಸದ ಗಾಲಿ ಅದನ್ನು ನಿಧಾನವಾಗಿ ಹತ್ತಬೇಕಾದರೆ ಆ ಗಾಲಿಯ ಮೇಲೆ ಕೂತ ಭಾರದ ಸುಮಾರು 1.3 ಪಟ್ಟು ಬಲದಿಂದ ಅಡ್ಡಲಾಗಿ ತಳ್ಳಬೇಕು. ಗಾಲಿ 12.5 ಸೆಂ.ಮೀ. ಆದರೆ 0.65 ಪಟ್ಟು ಸಾಕು. ಅಂದರೆ ಅರ್ಧ. ಗಾಲಿಯ ಮೇಲೆ 40 ಕೆ.ಜಿ. ಇದ್ದರೆ ಮೊದಲನೆಯದಕ್ಕೆ 50 ಕೆ.ಜಿ.ಗೂ ಮಿಕ್ಕಿದ ನೂಕು ಬೇಕು. ಟ್ರಾಲಿ ಹತ್ತುವ ಬದಲು ಮುಗ್ಗರಿಸುವ ಸಂಭವವೇ ಹೆಚ್ಚು. ನಮ್ಮ ಗ್ಯಾರೇಜುಗಳ ನೆಲ ಕನ್ನಡಿಯಂತಿರುವುದು ಕಡಿಮೆ. ಹಾಗಾಗಿ 10 ಸೆಂ.ಮೀ.ಗಿಂತ ಸಣ್ಣ ಗಾಲಿಯ ಟ್ರಾಲಿಯನ್ನು ಎಷ್ಟೇ ಅಗ್ಗವಿದ್ದರೂ ಬಿಡುವುದು ಒಳ್ಳೆಯದು.

ಭಾರದ ಲೆಕ್ಕದಲ್ಲೂ ಒಂದು ಗುಟ್ಟಿದೆ. ನಾಲ್ಕು ಗಾಲಿಗೆ ಭಾರವನ್ನು ನಾಲ್ಕರಿಂದ ಭಾಗಿಸುವುದು ಕಾಗದದ ಮೇಲೆ ಸರಿ. ಉಬ್ಬುತಗ್ಗಿನ ನೆಲದ ಮೇಲೆ ಯಾವ ಕ್ಷಣದಲ್ಲಾದರೂ ಒಂದು ಗಾಲಿ ಅರೆಬರೆ ತೇಲುತ್ತಿರುತ್ತದೆ, ಮೂರೇ ಗಾಲಿಗಳು ಭಾರ ಹೊರುತ್ತವೆ. ಆದ್ದರಿಂದ ಗಾಲಿ ತಯಾರಕರು ಒಟ್ಟು ಭಾರವನ್ನು ಮೂರರಿಂದ ಭಾಗಿಸಿ ಗಾಲಿ ಆರಿಸಲು ಹೇಳುತ್ತಾರೆ. ತುಂಬಿದ ಟ್ರಾಲಿ 180 ಕೆ.ಜಿ. ಇದ್ದರೆ ಪ್ರತಿ ಗಾಲಿಯೂ 60 ಕೆ.ಜಿ. ತಾಳಬೇಕು, 45 ಸಾಲದು.

ಗಾಲಿಗಳಲ್ಲಿ ಎರಡು ಸ್ಥಿರ, ಎರಡು ತಿರುಗುವಂಥವು ಇರುವುದು ವಾಡಿಕೆ. ತಿರುಗುವ ಗಾಲಿಗಳು ಹಿಡಿಯಿರುವ ಬದಿಗೆ ಇರಬೇಕು. ತಳ್ಳುವವನು ಹಿಂದಿನಿಂದ ಅತ್ತಿತ್ತ ತಿರುಗಿಸಿದರೆ ಮುಂದಿನ ಸ್ಥಿರ ಗಾಲಿಗಳು ಗೆರೆ ಹಿಡಿಯುತ್ತವೆ. ನಾಲ್ಕೂ ತಿರುಗುವಂಥವಾದರೆ ಎರಡು ಗಾಡಿಗಳ ನಡುವಿನ ಇಕ್ಕಟ್ಟಿನಲ್ಲಿ ಅಡ್ಡಡ್ಡಲಾಗಿ ಸರಿಸಬಹುದು, ಆದರೆ ಉದ್ದಕ್ಕೆ ತಳ್ಳುವಾಗ ಟ್ರಾಲಿ ತನ್ನಿಷ್ಟದ ಕಡೆಗೆ ಎಳೆಯುತ್ತದೆ. ತಿರುಗುವ ಗಾಲಿಯ ಅಚ್ಚು ಅದರ ತಿರುಗುಗುಂಡಿಗೆ ನೇರ ಕೆಳಗಿರದೆ ಸ್ವಲ್ಪ ಹಿಂದಕ್ಕಿರುತ್ತದೆ. ಅದರಿಂದಲೇ ಗಾಲಿ ಹೋಗುವ ದಿಕ್ಕಿಗೆ ತಾನಾಗಿ ಹೊರಳುವುದು. ಮುಂದೆ ತಳ್ಳಿದ್ದನ್ನು ಹಿಂದಕ್ಕೆಳೆದಾಗ ಟ್ರಾಲಿ ಒಮ್ಮೆ ಪಕ್ಕಕ್ಕೆ ಜಗ್ಗುವುದೂ ಇದರಿಂದಲೇ: ಗಾಲಿಗಳು ಅರ್ಧ ಸುತ್ತು ತಿರುಗಿ ಹೊಸ ದಿಕ್ಕು ಹಿಡಿಯುತ್ತಿರುತ್ತವೆ. ಮೇಲಿನ ತಟ್ಟೆಯಲ್ಲಿ ಬೇರಿಂಗ್ ಗುಂಡುಗಳನ್ನಿಟ್ಟವರಿಗೆ ಈ ಜಗ್ಗು ಗೊತ್ತು.

ಗಾಲಿಯ ಮೈ ಯಾವುದರದ್ದು ಎಂಬುದು ನೆಲವನ್ನು ನೋಡಿ ತೀರ್ಮಾನಿಸಬೇಕಾದ ಮಾತು. ನೈಲಾನ್ ಸಲೀಸಾಗಿ ಉರುಳುತ್ತದೆ, ಸದ್ದು ಮಾಡುತ್ತದೆ, ಟೈಲ್ಸ್ ನೆಲವನ್ನು ಗೀರುತ್ತದೆ. ರಬ್ಬರು ಮೌನಿ, ಆದರೆ ಭಾರ ಹೊತ್ತು ತಿಂಗಳುಗಟ್ಟಲೆ ನಿಂತರೆ ಕೆಳಭಾಗ ಚಪ್ಪಟೆಯಾಗುತ್ತದೆ, ಎಂಜಿನ್ ಆಯಿಲ್ಲು ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಇವೆರಡರ ನಡುವಿನದು ಪಾಲಿಯುರೆಥೇನ್, ಬಹುತೇಕ ಗ್ಯಾರೇಜುಗಳಿಗೆ ಅದೇ ಸರಿ. ಅದರಲ್ಲೂ ಕೆಲವು ಜಾತಿಗಳು ತೇವದ ಹವೆಯಲ್ಲಿ ಕೆಲವು ವರ್ಷಗಳಿಗೆ ಪುಡಿಪುಡಿಯಾಗಿ ಉದುರುತ್ತವೆ, ಕರಾವಳಿಯವರು ಎಚ್ಚರವಹಿಸಬೇಕು. ಲೇತ್ ಇರುವ ಕಡೆ ಉಕ್ಕಿನ ಚೂರುಗಳು ಮೆತ್ತನೆಯ ಗಾಲಿಗೆ ಚುಚ್ಚಿಕೊಳ್ಳುವುದರಿಂದ ಅಲ್ಲಿ ನೈಲಾನ್ ಅಥವಾ ಬೀಡು ಕಬ್ಬಿಣವೇ ಗತಿ. ಇನ್ನು ಕೈ ಒರೆಸುವ ಬನಿಯನ್ ವೇಸ್ಟಿನ ನೂಲು. ನೆಲದ ಮೇಲೆ ಬಿದ್ದ ಎಳೆಯನ್ನು ಗಾಲಿ ಎತ್ತಿಕೊಂಡು ಅಚ್ಚಿಗೆ ಸುತ್ತಿಕೊಳ್ಳುತ್ತದೆ, ಗ್ರೀಸು ಅದಕ್ಕೆ ಅಂಟು. ಒಂದು ವರ್ಷದಲ್ಲಿ ಅಚ್ಚಿನ ಸುತ್ತ ಕಪ್ಪು ಹಗ್ಗದಂಥ ಗಂಟು ಬಿಗಿದು ಗಾಲಿ ಉರುಳುವುದು ಬಿಟ್ಟು ಜಾರುತ್ತದೆ. ಹಳೆಯ ಟ್ರಾಲಿ ‘ಜಾಮ್ ಆಗಿದೆ’ ಎಂದು ಗಾಲಿ ಬದಲಿಸಲು ಹೊರಡುವ ಮುನ್ನ ಬ್ಲೇಡಿನಿಂದ ಆ ಗಂಟನ್ನು ಕೊಯ್ದು ನೋಡಬೇಕು.

ಡ್ರಾಯರು ಮತ್ತು ಮಗುಚುವ ಅಪಾಯ

1 ಮಿ.ಮೀ. ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ 7.85 ಕೆ.ಜಿ. ತೂಗುತ್ತದೆ. 70 ಸೆಂ.ಮೀ. ಅಗಲ, 45 ಸೆಂ.ಮೀ. ಆಳ, 85 ಸೆಂ.ಮೀ. ಎತ್ತರದ ಆರು ಡ್ರಾಯರಿನ ಟ್ರಾಲಿಗೆ ಹೆಚ್ಚುಕಡಿಮೆ 5 ಚದರ ಮೀಟರು ತಗಡು ಹಿಡಿಯುತ್ತದೆ. ಖಾಲಿ ಪೆಟ್ಟಿಗೆಯೇ 40 ಕೆ.ಜಿ.ಗೆ ಹತ್ತಿರ. 0.7 ಮಿ.ಮೀ. ತಗಡು ಬಳಸಿದರೆ 28 ಕೆ.ಜಿ.ಗೆ ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ, ಆದರೆ ಭಾರ ತುಂಬಿದ ಮೇಲೆ ಚೌಕಟ್ಟು ಒಂಚೂರು ಓರೆಯಾಗಿ ಡ್ರಾಯರುಗಳು ಕಚ್ಚತೊಡಗುತ್ತವೆ. ಅಂಗಡಿಯಲ್ಲಿ ಪರೀಕ್ಷಿಸುವ ಉಪಾಯ ಸುಲಭ: ಡ್ರಾಯರನ್ನು ಪೂರ್ತಿ ಎಳೆದು, ಮುಂದಿನ ಒಂದು ಮೂಲೆಯನ್ನು ಅಂಗೈಯಿಂದ ಒತ್ತಿ ಹಿಡಿದು, ಹಾಗೇ ಮುಚ್ಚಲು ನೋಡುವುದು. ಬಾಲ್ ಬೇರಿಂಗ್ ಹಳಿಯಾದರೆ ಒತ್ತಿದ್ದೇ ತಿಳಿಯದಂತೆ ಒಳಗೆ ಹೋಗುತ್ತದೆ. ತಗಡಿನ ಮೇಲೆ ತಗಡು ಜಾರುವ ಹಳಿಯಾದರೆ ಅರ್ಧದಲ್ಲೇ ಕಿರುಗುಟ್ಟಿ ನಿಲ್ಲುತ್ತದೆ.

ಟ್ರಾಲಿಯಿಂದ ಆಗುವ ದೊಡ್ಡ ಅಪಾಯ ಅದು ಮುಂದಕ್ಕೆ ಮಗುಚಿಕೊಳ್ಳುವುದು. ಲೆಕ್ಕ ಹೀಗೆ. ಪೆಟ್ಟಿಗೆ 40 ಕೆ.ಜಿ., ಅದರ ಭಾರಕೇಂದ್ರ ಮುಂದಿನ ಗಾಲಿಗಳ ಗೆರೆಯಿಂದ 20 ಸೆಂ.ಮೀ. ಹಿಂದೆ. ಮೂರು ಡ್ರಾಯರುಗಳಲ್ಲಿ ತಲಾ 20 ಕೆ.ಜಿ. ಸಾಮಾನು; ಮುಚ್ಚಿದಾಗ ಅವುಗಳ ಕೇಂದ್ರವೂ 20 ಸೆಂ.ಮೀ. ಹಿಂದೆ, ಪೂರ್ತಿ ಎಳೆದಾಗ 20 ಸೆಂ.ಮೀ. ಮುಂದೆ. ಒಂದು ಡ್ರಾಯರು ಎಳೆದರೆ ಹಿಂದಕ್ಕೆ ಹಿಡಿಯುವ ಪಾಲು 1600, ಮುಂದಕ್ಕೆ ಬೀಳಿಸುವ ಪಾಲು 400; ಏನೂ ಆಗದು. ಎರಡು ಎಳೆದರೆ 1200ಕ್ಕೆ 800, ಈಗಲೂ ನಿಂತಿದೆ. ಮೂರನೆಯದನ್ನು ಎಳೆದೊಡನೆ 800ಕ್ಕೆ 1200. ಎರಡನೆಯ ಡ್ರಾಯರಿನ ತನಕ ಸುಮ್ಮನಿದ್ದ ಟ್ರಾಲಿ ಮೂರನೆಯದಕ್ಕೆ ಯಾವ ಮುನ್ಸೂಚನೆಯೂ ಇಲ್ಲದೆ ನೂರು ಕೆ.ಜಿ. ಭಾರದೊಡನೆ ಎದೆಯ ಮೇಲೆ ಬರುತ್ತದೆ. ಒಳ್ಳೆಯ ಟ್ರಾಲಿಗಳಲ್ಲಿ ಒಂದು ಡ್ರಾಯರು ತೆರೆದಿರುವಾಗ ಉಳಿದವು ಬಾರದಂತೆ ಒಳಗೆ ಸರಳು ಇರುವುದು ಇದಕ್ಕೇ. ಪದೇ ಪದೇ ಎರಡು ಡ್ರಾಯರು ತೆರೆಯಬೇಕಾಗಿ ಬಂದು ಬೇಸತ್ತ ಕೆಲಸಗಾರರು ಆ ಸರಳನ್ನು ಕಿತ್ತು ಹಾಕುವುದುಂಟು. ಅದು ಬೇಡ. ಮಕ್ಕಳು ಓಡಾಡುವ ಮನೆ ಗ್ಯಾರೇಜಿನಲ್ಲಂತೂ ಡ್ರಾಯರುಗಳಿಗೆ ಒಟ್ಟಿಗೇ ಬೀಳುವ ಬೀಗವೂ ಇರಬೇಕು, ಏಕೆಂದರೆ ಎಳೆದ ಡ್ರಾಯರುಗಳು ಚಿಕ್ಕವರಿಗೆ ಮೆಟ್ಟಿಲಿನಂತೆ ಕಾಣುತ್ತವೆ.

ಜೋಡಣೆ

ಭಾರದ್ದು ಕೆಳಗೆ, ಹಗುರದ್ದು ಮೇಲೆ ಎಂಬುದು ಮಗುಚುವ ಭಯದಿಂದ ಬಂದ ನಿಯಮ. ಕೈಗೆ ಪದೇ ಪದೇ ಬೇಕಾದದ್ದು ಮೇಲೆ ಎಂಬುದು ಬೆನ್ನು ನೋವಿನಿಂದ ಬಂದದ್ದು. ಅದೃಷ್ಟಕ್ಕೆ ಎರಡೂ ಹೊಂದುತ್ತವೆ: ಸಾಕೆಟ್, ರ‍್ಯಾಚೆಟ್, ರಿಂಗ್ ಸ್ಪ್ಯಾನರ್‌ಗಳು ಮೇಲಿನ ಡ್ರಾಯರುಗಳಿಗೆ, ಇಕ್ಕಳ ಮತ್ತು ಕಟಿಂಗ್ ಪ್ಲೇಯರ್ ನಡುವಿನವಕ್ಕೆ, ಸುತ್ತಿಗೆ, ಪುಲ್ಲರ್, ಗ್ರೈಂಡರ್ ತಳಕ್ಕೆ. ಮೇಲಿನ ಡ್ರಾಯರುಗಳ ಆಳ 5ರಿಂದ 7 ಸೆಂ.ಮೀ. ಮೀರಬಾರದು. ಆಳವಿದ್ದಲ್ಲಿ ಒಂದರ ಮೇಲೊಂದು ಪದರ ಬೀಳುತ್ತದೆ, ಕೆಳಗಿನ ಪದರ ಮರೆತೇ ಹೋಗುತ್ತದೆ.

ಹಳೆಯ ಗಾಡಿಗಳನ್ನೂ ಮುಟ್ಟುವ ಗ್ಯಾರೇಜಿನಲ್ಲಿ ಇಂಚು ಮತ್ತು ಮಿಲಿಮೀಟರ್ ಬೇರೆ ಬೇರೆ ಡ್ರಾಯರುಗಳಲ್ಲಿರಬೇಕು. ಅಂಬಾಸಡರ್ ಕಾರಿನ ಬೋಲ್ಟುಗಳು ಇಂಚಿನ ಅಳತೆಯವು. 1983ರಲ್ಲಿ ಬಂದ ಮಾರುತಿ 800ರ ಜೊತೆ 10, 12, 14, 17 ಮಿ.ಮೀ. ಜಪಾನಿ ಸರಣಿ ಮನೆಮಾತಾಯಿತು. ಅರ್ಧ ಇಂಚೆಂದರೆ 12.7 ಮಿ.ಮೀ.; 13ರ ಪಾನಾ ಅದಕ್ಕೆ ಕೂತಂತೆ ಅನ್ನಿಸಿ ಬೋಲ್ಟಿನ ಮೂಲೆಗಳನ್ನು ಸವೆಸಿಬಿಡುತ್ತದೆ. ಇನ್ನು 10ರ ಸಾಕೆಟ್ಟು. ಬ್ಯಾಟರಿ ಟರ್ಮಿನಲ್ಲಿನಿಂದ ಏರ್ ಫಿಲ್ಟರಿನ ತನಕ ಎಲ್ಲೆಲ್ಲೂ ಅದೇ ಬೇಕು, ಕಳೆದುಹೋಗುವುದೂ ಅದೇ. ಪ್ರಪಂಚದ ಯಾವ ಮೂಲೆಯ ಮೆಕ್ಯಾನಿಕ್ಕಿಗೂ ಈ ತಮಾಷೆಯನ್ನು ಬಿಡಿಸಿ ಹೇಳಬೇಕಿಲ್ಲ.

ಜಪಾನಿನ ಕಾರ್ಖಾನೆಗಳಿಂದ ಹಬ್ಬಿದ 5ಎಸ್ ಪದ್ಧತಿ, ಅಂದರೆ ಬೇಡದ್ದನ್ನು ತೆಗೆ, ಬೇಕಾದ್ದನ್ನು ಜೋಡಿಸು, ಸ್ವಚ್ಛವಿಡು, ಅದನ್ನೇ ರೂಢಿಯ ಕ್ರಮವಾಗಿಸು, ಬಿಡದೆ ಪಾಲಿಸು ಎಂಬ ಐದು ಹೆಜ್ಜೆ, ಟ್ರಾಲಿಯ ಒಳಗನ್ನೂ ಬದಲಿಸಿತು. ಡ್ರಾಯರಿನಲ್ಲಿ ಎರಡು ಬಣ್ಣದ ಫೋಮ್ ಹಾಳೆಗಳನ್ನು ಒಂದರ ಮೇಲೊಂದು ಹಾಸುತ್ತಾರೆ, ಮೇಲೆ ಕಪ್ಪು, ಕೆಳಗೆ ಕೆಂಪೋ ಹಳದಿಯೋ. ಪ್ರತಿ ಉಪಕರಣದ ಆಕಾರಕ್ಕೆ ಕಪ್ಪು ಹಾಳೆಯನ್ನು ಕತ್ತರಿಸಿ, ಎತ್ತಿಕೊಳ್ಳಲು ಎರಡು ಬೆರಳು ಹೋಗುವಷ್ಟು ಪಕ್ಕದಲ್ಲಿ ಅರೆಚಂದ್ರ ಕೊಯ್ಯುತ್ತಾರೆ. ಪಾನಾ ತನ್ನ ಗುಳಿಯಲ್ಲಿದ್ದರೆ ಎಲ್ಲವೂ ಕಪ್ಪು. ತೆಗೆದೊಡನೆ ಪಾನಾ ಆಕಾರದ ಕೆಂಪು ಗುರುತು ಎದ್ದು ಕಾಣುತ್ತದೆ. ಸಂಜೆ ಡ್ರಾಯರುಗಳನ್ನು ಒಂದೊಂದಾಗಿ ಎಳೆದು ನೋಡಿದರೆ ಎಣಿಸದೆಯೇ ಲೆಕ್ಕ ಸಿಗುತ್ತದೆ. ಇದಕ್ಕೆ ಎರಡು ಕೊರತೆಗಳಿವೆ. ಫೋಮ್ ಜಾಗ ತಿನ್ನುತ್ತದೆ. ಹೊಸದೊಂದು ಉಪಕರಣ ಬಂದರೆ ಹಾಳೆಯನ್ನೇ ಮತ್ತೆ ಕತ್ತರಿಸಬೇಕು. ದಿನಕ್ಕೊಂದು ಬಗೆಯ ಕೆಲಸ ಬರುವ ಸಣ್ಣ ಗ್ಯಾರೇಜಿಗೆ ಸಾಕೆಟ್ ಹಳಿ, ಅಡ್ಡ ಪಟ್ಟಿಗಳೇ ಮೇಲು.

ಫೋಮ್ ಕಡ್ಡಾಯವೆನ್ನಿಸುವುದು ವಿಮಾನಗಳ ಹ್ಯಾಂಗರಿನಲ್ಲಿ. ಎಂಜಿನ್ನಿನೊಳಗೆ ಮರೆತ ಒಂದು ಸ್ಪ್ಯಾನರ್ ಏನು ಮಾಡಬಹುದೆಂದು ಬಲ್ಲವರು ಅಲ್ಲಿ ಪಾಳಿ ಮುಗಿದಾಗ ಉಪಕರಣಗಳ ಲೆಕ್ಕ ಒಪ್ಪಿಸದೆ ವಿಮಾನವನ್ನು ಬಿಡುವಂತಿಲ್ಲ. ಹಾಗಿದ್ದೂ ತಪ್ಪುತ್ತದೆ. 2023ರ ಕೊನೆಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ತಪಾಸಣೆಯಾದ ಕ್ವಾಂಟಾಸ್ ಕಂಪನಿಯ ಒಂದು ಏರ್‌ಬಸ್ ಎ380 ವಿಮಾನದ ಎಂಜಿನ್ನಿನಲ್ಲಿ 1.25 ಮೀಟರ್ ಉದ್ದದ ನೈಲಾನ್ ಸಾಧನವೊಂದು ಉಳಿದುಬಿಟ್ಟಿತ್ತು. 34 ಹಾರಾಟ, 294 ಗಂಟೆಗಳ ನಂತರ, 2024ರ ಜನವರಿಯಲ್ಲಿ ಅದು ಸಿಕ್ಕಿತು. ಸಾಧನ ಮರಳಿ ಬಂದಿಲ್ಲವೆಂಬುದು ಗೊತ್ತಾಗಿದ್ದರೂ ಹುಡುಕುವ ಕ್ರಮವನ್ನು ಸರಿಯಾಗಿ ಪಾಲಿಸದೆ ವಿಮಾನವನ್ನು ಬಿಡಲಾಗಿತ್ತೆಂದು ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಸಂಸ್ಥೆ ವರದಿ ಕೊಟ್ಟಿತು. ಈಗ ಡ್ರಾಯರು ತೆರೆದಾಗ, ಮುಚ್ಚಿದಾಗ ಕ್ಯಾಮೆರಾವೇ ಒಳಗನ್ನು ನೋಡಿ ಯಾರು ಏನು ಒಯ್ದರೆಂದು ಬರೆದಿಡುವ ಪೆಟ್ಟಿಗೆಗಳು ಬಂದಿವೆ. ಖಾಲಿ ಗುಳಿ ಕಂಡರೂ ಹುಡುಕಬೇಕಾದವರು ಮನುಷ್ಯರೇ.

ಗ್ಯಾರೇಜಿನ ಆಚೆ

ಡ್ರಾಯರಿನ ಟ್ರಾಲಿ ಆಸ್ಪತ್ರೆಗೂ ಹೋಯಿತು. ಹೃದಯ ನಿಂತ ರೋಗಿಯ ಬಳಿಗೆ ಔಷಧ, ನಳಿಕೆ, ಸಿರಿಂಜುಗಳನ್ನು ಒಟ್ಟಿಗೆ ಒಯ್ಯುವ ತುರ್ತು ಟ್ರಾಲಿ 1960ರ ದಶಕದಲ್ಲಿ ರೂಪುಗೊಂಡಿತು. ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ನರ್ಸ್, ಮುಂದೆ 1970ರಲ್ಲಿ ತುರ್ತು ಚಿಕಿತ್ಸೆಯ ನರ್ಸುಗಳ ಸಂಘವನ್ನು ಕಟ್ಟಿದವರಲ್ಲಿ ಒಬ್ಬರಾದ ಆನಿಟಾ ಡಾರ್ ಇದರ ಆರಂಭಕಾರರಲ್ಲಿ ಸೇರುತ್ತಾರೆ. ಅಗಲವಾದ ಡ್ರಾಯರು, ಪ್ರತಿಯೊಂದಕ್ಕೂ ಗೊತ್ತಾದ ಜಾಗ, ದೊಡ್ಡ ಗಾಲಿ: ಗುಣಗಳೆಲ್ಲ ಗ್ಯಾರೇಜಿನವೇ.

ಕರ್ನಾಟಕದಲ್ಲಿ

ನಮ್ಮಲ್ಲಿ ರಸ್ತೆ ಬದಿಯ ಬೈಕ್ ಮೆಕ್ಯಾನಿಕ್ಕಿನ ಸಾಮಾನು ಇಂದಿಗೂ ಒಂದು ಗೋಣಿಚೀಲ ಅಥವಾ ಸೀಮೆಎಣ್ಣೆ ಹಾಕಿದ ಒಂದು ಟ್ರೇ. ಕುಕ್ಕರಗಾಲಲ್ಲಿ ಕೂತು ಮಾಡುವ ಕೆಲಸಕ್ಕೆ ಸೊಂಟದೆತ್ತರದ ಟ್ರಾಲಿ ಹೊಂದುವುದೂ ಇಲ್ಲ. ಬೈಕನ್ನೇ ಮೇಲೆತ್ತುವ ಲಿಫ್ಟ್ ಬಂದ ಕಡೆ ಟ್ರಾಲಿಯೂ ಹಿಂದೆಯೇ ಬಂತು. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರುಗಳಲ್ಲಿ ಒಂದೇ ಬಣ್ಣದ ಟ್ರಾಲಿಗಳ ಸಾಲನ್ನು ಕಾಣಬಹುದು. ಉಪಕರಣ ಮಾಲೀಕನದು, ಕೆಲಸಗಾರ ಲೆಕ್ಕಕ್ಕೆ ಹೊಣೆ. ಈ ವಿಷಯದಲ್ಲಿ ನಾವು ಅಮೆರಿಕಕ್ಕಿಂತ ಜರ್ಮನಿಗೆ ಹತ್ತಿರ. ಕೈ ಉಪಕರಣಗಳಿಗೆ ದೇಶದಲ್ಲಿ ಹೆಸರಾದ ತಪಾರಿಯಾದಂಥ ಕಂಪನಿಗಳು ಪೆಟ್ಟಿಗೆ, ಟ್ರಾಲಿಗಳನ್ನೂ ಮಾರುತ್ತವೆ. ಆದರೆ ಬೆಂಗಳೂರಿನ ಪೀಣ್ಯ, ಬೆಳಗಾವಿಯ ಉದ್ಯಮಬಾಗ್‌ನಂಥ ಕೈಗಾರಿಕಾ ಪ್ರದೇಶಗಳ ವರ್ಕ್‌ಶಾಪಿನವರಿಗೆ ತಮಗೆ ಬೇಕಾದ ಅಳತೆಗೆ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ವೆಲ್ಡ್ ಮಾಡಿಸುವುದೇ ರೂಢಿ: ಒಂದಿಂಚಿನ ಚೌಕ ಪೈಪು ಅಥವಾ ಆಂಗಲ್ಲಿನ ಚೌಕಟ್ಟು, ಎರಡು ತಗಡಿನ ತಟ್ಟೆ, ನಾಲ್ಕು ಗಾಲಿ (ಕ್ಯಾಸ್ಟರ್), ಮೇಲೆ ಒಂದು ಕೋಟು ರೆಡ್ ಆಕ್ಸೈಡ್. ಹೀಗೆ ಮಾಡಿಸಿದ್ದು ಅಂಗಡಿಯದಕ್ಕಿಂತ ಗಟ್ಟಿ, ಭಾರವೂ ಹೌದು. ಮಾಡಿಸುವಾಗ ಕ್ಯಾಸ್ಟರನ್ನು ನೇರವಾಗಿ ವೆಲ್ಡ್ ಮಾಡಿಬಿಡುವುದು ಸಾಮಾನ್ಯವಾಗಿ ಆಗುವ ತಪ್ಪು. ಶಾಖಕ್ಕೆ ತಿರುಗುಗುಂಡಿಯ ಗ್ರೀಸು ಸುಟ್ಟುಹೋಗುತ್ತದೆ, ಮುಂದೆ ಗಾಲಿ ಕೆಟ್ಟಾಗ ಕಟರ್ ಹಿಡಿಯಬೇಕಾಗುತ್ತದೆ. ಚೌಕಟ್ಟಿನ ಮೂಲೆಗೆ ತಗಡಿನ ತುಂಡು ವೆಲ್ಡ್ ಮಾಡಿಸಿ, ಕ್ಯಾಸ್ಟರನ್ನು ಅದಕ್ಕೆ ನಾಲ್ಕು ಬೋಲ್ಟಿನಿಂದ ಬಿಗಿಯಬೇಕು.

ಮಳೆಗಾಲದಲ್ಲಿ ಮಲೆನಾಡು, ಕರಾವಳಿಯ ಟ್ರಾಲಿಗಳಿಗೆ ತುಕ್ಕಿನ ಕಾಟ. ಪೌಡರ್ ಕೋಟಿಂಗ್ ಎದ್ದ ಅಂಚುಗಳಿಂದ ಅದು ಶುರುವಾಗುತ್ತದೆ. ಡ್ರಾಯರಿನ ಒಳಗೆ ಮುಚ್ಚಿದ ಗಾಳಿ ತಣಿದಾಗ ಪಾನಾಗಳ ಮೇಲೆ ಸಣ್ಣಗೆ ನೀರು ಕೂರುತ್ತದೆ. ಸಿಲಿಕಾ ಜೆಲ್ ಚೀಲ, ತೆಳ್ಳಗೆ ಸವರಿದ ಎಣ್ಣೆ, ಇಂಜಿನಿಯರಿಂಗ್ ಅಂಗಡಿಗಳಲ್ಲಿ ಸಿಗುವ ತುಕ್ಕು ತಡೆಯುವ ಕಾಗದ, ಮೂರೂ ಉಪಯುಕ್ತ. ಫೋಮ್ ಹಾಸಿದ್ದರೆ ಅದು ತೇವ ಹಿಡಿದಿಡುವಂಥದಲ್ಲವೆಂದು ನೋಡಿಕೊಳ್ಳಬೇಕು.

ವರ್ಷಕ್ಕೊಮ್ಮೆ ಆಯುಧಪೂಜೆಯ ಹಿಂದಿನ ದಿನ ರಾಜ್ಯದ ಬಹುತೇಕ ಗ್ಯಾರೇಜುಗಳಲ್ಲಿ ಡ್ರಾಯರುಗಳು ಪೂರ್ತಿ ಖಾಲಿಯಾಗುತ್ತವೆ. ಪಾನಾಗಳನ್ನು ಡೀಸೆಲ್ಲಿನಲ್ಲಿ ತೊಳೆದು, ಒರೆಸಿ, ಸಾಲಾಗಿ ಹರಡುತ್ತಾರೆ. ಐದು ಎಸ್‌ಗಳ ಹೆಸರು ಕೇಳದವರೂ ಅಂದು ಮೊದಲ ಮೂರನ್ನು ಮಾಡಿ ಮುಗಿಸುತ್ತಾರೆ: ಬಾಯಿ ಸವೆದ ಸ್ಪ್ಯಾನರ್ ಗುಜರಿಗೆ ಹೋಗುತ್ತದೆ, ಪಕ್ಕದ ಅಂಗಡಿಯಿಂದ ತಂದದ್ದು ವಾಪಸಾಗುತ್ತದೆ, ಸೆಟ್ಟಿನಲ್ಲಿ ಯಾವುದು ಕಡಿಮೆಯೆಂದು ತಿಳಿಯುತ್ತದೆ. ಕುಂಕುಮ ಹಚ್ಚುವ ಮುಂಚೆ ಗಾಲಿಗಳ ಅಚ್ಚಿಗೂ ನಾಲ್ಕು ಹನಿ ಎಣ್ಣೆ ಬಿಡಲು ಅದಕ್ಕಿಂತ ಅನುಕೂಲದ ದಿನವಿಲ್ಲ. ಟ್ರಾಲಿ ಖಾಲಿಯಿರುವಾಗ ಮಾತ್ರ ಅದನ್ನು ಒಬ್ಬರೇ ಪಕ್ಕಕ್ಕೆ ಮಲಗಿಸಬಹುದು.